ಗಂಡ ದುಭಾಷಿಯಾದಾಗ

ತುಳು ಮನೆಮಾತಿನ ಹುಡುಗ, ಉತ್ತರ ಕರ್ನಾಟಕದ ಹುಡುಗಿ. ಬೆಂಗಳೂರಿನಲ್ಲಿ ಕೆಲಸ, ಮೆಚ್ಚಿ ಮದುವೆ, ಆಮೇಲೆ ಊರಿಗೆ ಬಂದು ಹುಡುಗನ ತಾಯಿಯ ಜೊತೆ ಸಂಸಾರ. ಇಂಥ ಮನೆಗಳಿಂದ ಉಡುಪಿಯಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವವರ ದೂರು ಹೆಚ್ಚುಕಮ್ಮಿ ಒಂದೇ ಆಗಿರುತ್ತದೆ. ಸೊಸೆ ಹೇಳುವುದು, "ಇವರು ನನ್ನನ್ನು ಹೊರಗಿನವಳ ಹಾಗೆ ನೋಡುತ್ತಾರೆ." ಅತ್ತೆ ಹೇಳುವುದು, "ಅವಳಿಗೆ ಬಾಯಿ ಜೋರು." ಗಂಡ ಹೇಳುವುದು, "ಇಬ್ಬರೂ ಒಳ್ಳೆಯವರೇ, ನನಗೆ ನಡುವೆ ಸಾಕಾಗಿದೆ." ಒಂದು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅವರ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೊಸೆ ಬಾಗಲಕೋಟೆ ಕಡೆಯವಳು. ಅತ್ತೆಗೆ ಅರುವತ್ತು ದಾಟಿದೆ, ಗಂಡ ತೀರಿಕೊಂಡಿದ್ದಾರೆ. ಮಗಳನ್ನು ಮಂಗಳೂರಿಗೆ ಕೊಟ್ಟಿದೆ. ಕುಚ್ಚಲಕ್ಕಿ ಅನ್ನ, ತೆಂಗಿನೆಣ್ಣೆ, ಜೂನ್ ತಿಂಗಳ ಮಳೆ ಇವೆಲ್ಲ ಸೊಸೆಗೆ ಮೊದಲ ವರ್ಷವೇ ಒಗ್ಗಿದ್ದವು. ಮನೆ ಒಡೆಯುವ ಹಂತಕ್ಕೆ ಬಂದದ್ದು ನಾಗರ ಪಂಚಮಿಯಿಂದ.

ಪಂಚಮಿ ಎರಡೂ ಕಡೆಯ ದೊಡ್ಡ ಹಬ್ಬ, ಆದರೆ ಒಂದೇ ಹಬ್ಬ ಅಲ್ಲ. ಬಾಗಲಕೋಟೆ, ವಿಜಯಪುರದ ಕಡೆ ಅದು ಮದುವೆಯಾದ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ತವರಿಗೆ ಹೋಗಿ ಜೋಕಾಲಿ ಆಡಬೇಕು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಬೇಕು. ಕರೆಯಲು ಯಾರೂ ಬರದಿದ್ದರೆ ಆ ಹೆಣ್ಣಿಗೆ ಹೇಳಿಕೊಳ್ಳಲಾರದ ನೋವು. ತುಳುನಾಡಿನಲ್ಲಿ ಅದೇ ದಿನ ಕುಟುಂಬದವರೆಲ್ಲ ಮೂಲದ ನಾಗಬನಕ್ಕೆ ಹೋಗುತ್ತಾರೆ. ಹಾಲು, ಸೀಯಾಳದ ಅಭಿಷೇಕ, ತಂಬಿಲ ಎಂಬ ಪೂಜೆ, ಮನೆಗೆ ಬಂದು ಅರಸಿನ ಎಲೆಯಲ್ಲಿ ಬೇಯಿಸಿದ ಗಟ್ಟಿ ಎಂಬ ಕಡುಬು. ಆ ದಿನ ಬನದಲ್ಲಿ ಯಾರು ಕಾಣಲಿಲ್ಲ ಎಂಬುದನ್ನು ಹಿರಿಯರು ಗಮನಿಸಿಯೇ ಗಮನಿಸುತ್ತಾರೆ.

ಸೊಸೆ ಗಂಡನಿಗೆ ಹೇಳಿದ್ದಳು, ಅಣ್ಣ ಬರುತ್ತಾನೆ, ಹೋಗುತ್ತೇನೆ ಎಂದು. ಅತ್ತೆ ಮಗನಿಗೆ ಹೇಳಿದ್ದರು, ಈ ಸಲ ಇಬ್ಬರೂ ಬನಕ್ಕೆ ಬನ್ನಿ ಎಂದು. ಮಗ ಇಬ್ಬರಿಗೂ "ಆಯ್ತು" ಅಂದ. ಹೆಂಡತಿಗೆ "ಅಮ್ಮ ಒಪ್ಪಿದ್ದಾರೆ" ಅಂದ, ತಾಯಿಗೆ "ನೋಡುವ" ಅಂದ. ಅಣ್ಣ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಾಗಲೇ ಅತ್ತೆಗೆ ವಿಷಯ ಗೊತ್ತಾದದ್ದು. ಅವರು ಒಳಗಿನಿಂದ ಹೊರಗೆ ಬರಲಿಲ್ಲ. ಸೊಸೆ ಹೊರಟು ಹೋದಳು, ಒಂದು ತಿಂಗಳು ಬರಲಿಲ್ಲ.

ಮೂವರನ್ನೂ ಒಟ್ಟಿಗೆ ಕೂರಿಸಿದ ದಿನ ಅತ್ತೆ ತುಳುವಿನಲ್ಲಿ ಸಾಕಷ್ಟು ಹೊತ್ತು ಮಾತಾಡಿದರು. ಅವರು ಹೇಳಿದ್ದರ ಸಾರ ಹೀಗಿತ್ತು: "ಬನದಲ್ಲಿ ಮಗ ಒಬ್ಬನೇ ನಿಂತಿದ್ದ. ನಾಲ್ಕು ಜನ ಕೇಳಿದರು, ನನಗೆ ಉತ್ತರ ಗೊತ್ತಿರಲಿಲ್ಲ. ತವರಿಗೆ ಹೋಗುತ್ತೇನೆ ಎಂದು ನನ್ನ ಹತ್ತಿರ ಒಂದು ಮಾತು ಹೇಳಿದ್ದರೆ ನಾನೇ ಗಟ್ಟಿ ಮಾಡಿ ಕಟ್ಟಿ ಕೊಡುತ್ತಿದ್ದೆ. ಅವಳು ಬಂದು ಹೇಳಲಿಕ್ಕೆ ನಾನು ಆಗುವುದಿಲ್ಲವಾ?"

ಮಗ ಹೆಂಡತಿಯ ಕಡೆ ತಿರುಗಿ ಹೇಳಿದ್ದು: "ಏನಿಲ್ಲ, ಅಮ್ಮನಿಗೆ ಸ್ವಲ್ಪ ಬೇಜಾರಾಗಿದೆಯಂತೆ."

ಅಷ್ಟು ಮಾತಿನಲ್ಲಿ ಬೇಜಾರು ಮಾತ್ರ ದಾಟಿತು. ಗಟ್ಟಿ ಕಟ್ಟಿಕೊಡುತ್ತಿದ್ದೆ ಎಂಬುದು ದಾಟಲಿಲ್ಲ, ಕೊನೆಯ ಪ್ರಶ್ನೆಯೂ ದಾಟಲಿಲ್ಲ. ಸೊಸೆ ತಕ್ಷಣ ದನಿ ಏರಿಸಿದಳು: "ಬ್ಯಾಸರ ನನಗೂ ಆಗೇತ್ರಿ. ನಮ್ಮಣ್ಣ ಅಷ್ಟು ದೂರದಿಂದ ಬಂದಾನ, ಅತ್ತಿ ಹೊರಗ ಬಂದು ಬಾ ಅನ್ನಲಿಲ್ಲ." ಇದನ್ನು ಮಗ ತುಳುವಿಗೆ ತಂದಾಗ ಅಣ್ಣನ ಮಾತೇ ಬಿಟ್ಟುಹೋಯಿತು; ಇವಳಿಗೂ ಬೇಸರವಾಗಿದೆ ಎಂಬುದಷ್ಟೇ ಉಳಿಯಿತು. ಅವನು ಸುಳ್ಳು ಹೇಳಲಿಲ್ಲ. ಎರಡೂ ಕಡೆಯ ಮಾತಿನ ಮೊನೆ ಮುರಿದು ಕೊಟ್ಟ. ಜಗಳ ಆಗದಿರಲಿ ಎಂಬ ಒಳ್ಳೆಯ ಆಸೆಯಿಂದಲೇ ಅವನು ಮೊದಲಿನಿಂದ ಹೀಗೆ ಮಾಡುತ್ತ ಬಂದಿದ್ದ.

ಅಲ್ಲಿಗೆ ಅವನ ಕುರ್ಚಿಯನ್ನು ಗೋಡೆಯ ಬದಿಗೆ ಹಾಕಿಸಿ, ಮಾತು ದಾಟಿಸುವ ಕೆಲಸವನ್ನು ನಾನು ತೆಗೆದುಕೊಂಡೆ. ದುಭಾಷಿಯ ಕೆಲಸಕ್ಕೆ ನಿಯಮಗಳಿವೆ. ಒಬ್ಬರು ಒಮ್ಮೆಗೆ ಎರಡು ವಾಕ್ಯ ಹೇಳಿ ನಿಲ್ಲಿಸಬೇಕು. ಹೇಳಿದ್ದೆಲ್ಲವೂ ದಾಟಬೇಕು, ಹೇಳದ್ದು ಸೇರಬಾರದು. "ಅವರು ಹೀಗಂತಾರೆ" ಎನ್ನಬಾರದು; ಹೇಳಿದವರು "ನಾನು" ಎಂದಿದ್ದರೆ ದುಭಾಷಿಯೂ "ನಾನು" ಎಂದೇ ಹೇಳಬೇಕು, ಆಗ ಕೇಳುವವರ ಕಣ್ಣು ದುಭಾಷಿಯ ಮೇಲಿರದೆ ಮಾತಾಡಿದವರ ಮೇಲಿರುತ್ತದೆ. ಮತ್ತು ದುಭಾಷಿ ಮನೆಯವರಾಗಿರಬಾರದು, ಯಾಕೆಂದರೆ ಆ ಮಾತಿನ ಫಲವನ್ನು ರಾತ್ರಿ ಮನೆಯಲ್ಲಿ ಉಣ್ಣಬೇಕಾದವರು ಪೂರ್ತಿ ದಾಟಿಸಲಾರರು. ಆಸ್ಪತ್ರೆಗಳಲ್ಲಿ ರೋಗಿಯ ನೆಂಟರನ್ನು ದುಭಾಷಿಯಾಗಿ ಬಳಸಬೇಡಿ ಎಂದು ಹೇಳುವುದೂ ಇದೇ ಕಾರಣಕ್ಕೆ.

ಅತ್ತೆಯ ಮಾತು ಪೂರ್ತಿ ದಾಟಿದ ಮೇಲೆ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಇದನ್ನ ನೀವ ನನಗ ಯಾಕ ಹೇಳಲಿಲ್ರಿ ಅತ್ತಿ? ನಿಮಗ ಕನ್ನಡ ಬರ್ತದಲ್ರಿ."

ಅತ್ತೆ ಆ ದಿನ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. "ನನ್ನದು ಶಾಲೆಯ ಕನ್ನಡ, ಮಗಾ. ಏಳನೇ ಕ್ಲಾಸಿನವರೆಗೆ ಕಲ್ತದ್ದು. ನಿನ್ನದು ಹುಟ್ಟಿದ ಭಾಷೆ. ನಾನು ಒಂದು ಮಾತು ಕಟ್ಟುವಷ್ಟರಲ್ಲಿ ನೀನು ಹತ್ತು ಮಾತಾಡಿ ಆಗಿರ್ತದೆ, ಅದರಲ್ಲಿ ಅರ್ಧ ನನಗೆ ತಿಳಿಯುದಿಲ್ಲ. ತಪ್ಪು ಮಾತಾಡಿದ್ರೆ ನೀನು ನಗಾಡ್ತಿಯೋ ಅಂತ ಹೆದರಿಕೆ."

ಸೊಸೆ ಅಲ್ಲಿಯವರೆಗೆ ನಂಬಿದ್ದು ಇದಕ್ಕೆ ಪೂರ್ತಿ ಉಲ್ಟಾ. ಮನೆಯಲ್ಲಿ ತುಳು ಮಾತಾಡುವುದು ತನ್ನನ್ನು ಹೊರಗಿಡಲಿಕ್ಕೆ, ತನಗೆ ತಿಳಿಯದಂತೆ ತನ್ನ ಬಗ್ಗೆಯೇ ಮಾತಾಡಲಿಕ್ಕೆ ಎಂದು ಅವಳು ತಿಳಿದಿದ್ದಳು. ಅತ್ತೆ ಕನ್ನಡಕ್ಕೆ ಹಿಂಜರಿಯುತ್ತಿದ್ದದ್ದು ನಾಚಿಕೆಯಿಂದ ಎಂಬುದು ಅವಳ ಊಹೆಯಲ್ಲೇ ಇರಲಿಲ್ಲ. ಕನ್ನಡ ಮನೆಮಾತಾದವರಿಗೆ ಈ ನಾಚಿಕೆ ಸುಲಭವಾಗಿ ಕಾಣುವುದೂ ಇಲ್ಲ. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅನೇಕ ಹಿರಿಯರಿಗೆ ಕನ್ನಡ ಎಂದರೆ ಪಾಠದ ಪುಸ್ತಕ, ಪತ್ರಿಕೆ, ಯಕ್ಷಗಾನ. ಮಂಗಳೂರು ಕನ್ನಡ ಪುಸ್ತಕದ ಹಾಗೆ ಕೇಳಿಸುವುದಕ್ಕೂ ಅದೇ ಕಾರಣ. ಅದನ್ನು ಬೇರೆ ಕಡೆಯವರು ಬಿಗುಮಾನ ಎಂದುಕೊಳ್ಳುತ್ತಾರೆ.

"ಇಬ್ಬರೂ ಕನ್ನಡಿಗರೇ ಅಲ್ಲವಾ, ಇದರಲ್ಲಿ ಸಂಸ್ಕೃತಿಯ ಮಾತು ಎಲ್ಲಿಂದ ಬಂತು?" ಎಂದು ನೆಂಟರು ಕೇಳುತ್ತಾರೆ. ನನ್ನ ಅನುಭವದಲ್ಲಿ ಅಪಾಯ ಇರುವುದು ಈ ಮಾತಿನಲ್ಲೇ. ಸೊಸೆ ಪಂಜಾಬಿನವಳಾಗಿದ್ದರೆ ಮನೆಯವರೆಲ್ಲ ಎಚ್ಚರದಿಂದ ಇರುತ್ತಿದ್ದರು, ತಿಳಿಯದ್ದನ್ನು ಕೇಳುತ್ತಿದ್ದರು. ರಾಜ್ಯ ಒಂದೇ ಎಂದಾಗ ಯಾರೂ ಕೇಳುವುದಿಲ್ಲ, ಎಲ್ಲರೂ ಊಹಿಸುತ್ತಾರೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಬಾಗಲಕೋಟೆ ಇದ್ದ ಬಿಜಾಪುರ ಜಿಲ್ಲೆ ಬೊಂಬಾಯಿಗೆ. ಈ ಸೊಸೆಯ ಅಜ್ಜಿ, ಈ ಅತ್ತೆಯ ತಾಯಿ ಬೇರೆ ಬೇರೆ ಆಡಳಿತದಲ್ಲಿ, ಬೇರೆ ಬೇರೆ ರೂಢಿಗಳಲ್ಲಿ ಬೆಳೆದವರು. ಸೊಸೆಯ ತವರಲ್ಲಿ ಸಿಟ್ಟು ಬಂದವರು ಮಾತು ಬಿಡುತ್ತಾರೆ. ಅತ್ತೆಯ ಮನೆಯಲ್ಲಿ ಸಿಟ್ಟು ಬಂದವರು ದನಿ ಏರಿಸುತ್ತಾರೆ. ಹಾಗಾಗಿ ಅತ್ತೆಯ ಮೌನ ಸೊಸೆಗೆ ಸಿಟ್ಟಾಗಿ ಕಂಡಿತು, ಸೊಸೆಯ ಎಂದಿನ ದನಿ ಅತ್ತೆಗೆ ಬೈಗುಳವಾಗಿ ಕೇಳಿಸಿತು. ಇಬ್ಬರಿಗೂ ಸಿಟ್ಟಿರಲಿಲ್ಲ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಮಗನಿಗೆ. ಒಂದು ತಿಂಗಳು ತಾಯಿಯ ಮಾತನ್ನು ಹೆಂಡತಿಗೆ, ಹೆಂಡತಿಯ ಮಾತನ್ನು ತಾಯಿಗೆ ಮುಟ್ಟಿಸಬಾರದು. "ಅವಳು ಎಂತ ಹೇಳಿದ್ಳು?" ಎಂದು ತಾಯಿ ಕೇಳಿದರೆ "ನೀವೇ ಕೇಳಿ" ಎನ್ನಬೇಕು. ಎರಡನೇ ವಾರವೇ ಅವನು ತಪ್ಪಿದ, ಹಳೆಯ ಅಭ್ಯಾಸ ಬಿಡುವುದು ಸುಲಭವಲ್ಲ. ನಡುವಿನಿಂದ ತೆಗೆದಾಗ ಅವನಿಗೆ ಮನೆಯಲ್ಲಿ ತನಗೇನೂ ಕೆಲಸ ಇಲ್ಲ ಅನಿಸಿತ್ತು. ಆದ್ದರಿಂದ ಬೇರೆ ಕೆಲಸ ಕೊಡಬೇಕಾಯಿತು: "ಅಮ್ಮನಿಗೆ", "ಇವಳಿಗೆ" ಎಂದು ಶುರುವಾಗುವ ವಾಕ್ಯ ಬಿಟ್ಟು, "ನನಗೆ" ಎಂದು ಶುರುಮಾಡಿ ತನ್ನ ಅಭಿಪ್ರಾಯ ಹೇಳುವುದು. ಪಂಚಮಿಯ ವಿಷಯದಲ್ಲಿ ಅವನ ಸ್ವಂತ ಅಭಿಪ್ರಾಯ ಏನೆಂದು ಅಲ್ಲಿಯವರೆಗೆ ಇಬ್ಬರಿಗೂ ಗೊತ್ತಿರಲಿಲ್ಲ.

ಅತ್ತೆ ಸೊಸೆ ದಿನಕ್ಕೆ ಇಪ್ಪತ್ತು ನಿಮಿಷ ಒಟ್ಟಿಗೆ ಒಂದು ಕೈಕೆಲಸ ಮಾಡಬೇಕು, ಮಗ ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರಬಾರದು. ಮೊದಲ ಮೂರು ವಾರ ದೂರು ದುಮ್ಮಾನ ಎತ್ತುವಂತಿಲ್ಲ, ಮಾತೆಲ್ಲ ಕೆಲಸದ್ದೇ. ನೀರುದೋಸೆ ಆರಿಸಿಕೊಂಡರು. ಇದಕ್ಕೆ ಕಾರಣವಿದೆ. ಸಂಬಂಧದ ಬಗ್ಗೆ ಆಡಿದ ಮಾತು ತಪ್ಪಾಗಿ ತಿಳಿದರೆ ಅದು ಹೊರಗೆ ಕಾಣಲು ತಿಂಗಳುಗಳು ಬೇಕು. ಹಿಟ್ಟಿನ ಬಗ್ಗೆ ಆಡಿದ ಮಾತು ತಪ್ಪಾಗಿ ತಿಳಿದರೆ ಎರಡು ನಿಮಿಷದಲ್ಲಿ ಕಾವಲಿಯ ಮೇಲೆ ಕಾಣುತ್ತದೆ. ಹಿಟ್ಟು ಹಾಲಿನಷ್ಟು ತೆಳ್ಳಗಿರಬೇಕು ಎಂದು ಅತ್ತೆ ಹೇಳಿದ್ದು ಸೊಸೆಗೆ ಸಾಮಾನ್ಯ ದೋಸೆಯ ಅಂದಾಜಿನಲ್ಲಿ ತಿಳಿಯಿತು, ದೋಸೆ ದಪ್ಪಗೆ ಬಂತು. ಪ್ರತಿ ಸಲ ಹುಯ್ಯುವ ಮೊದಲು ಕಲಕಬೇಕು, ಇಲ್ಲದಿದ್ದರೆ ಅಕ್ಕಿ ಅಡಿಗೆ ಕೂರುತ್ತದೆ ಎಂಬುದನ್ನು ಅತ್ತೆ ಹೇಳಲೇ ಇಲ್ಲ, ಅವರ ಪಾಲಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ. ಎರಡು ಕಡೆಯವರ ನಡುವಿನ ಮುಕ್ಕಾಲು ಪಾಲು ತೊಡಕು ಇದೇ ಬಗೆಯದು. ಮರುವಾರ ಸೊಸೆ ಜೋಳದ ರೊಟ್ಟಿ ಬಡಿಯಲು ಕಲಿಸಿದಳು. ಬಿಸಿನೀರಲ್ಲೇ ನಾದಬೇಕು ಎಂದು ಹೇಳಲು ಅವಳು ಮರೆತಳು, ಅತ್ತೆಯ ರೊಟ್ಟಿ ಒಡೆಯಿತು.

"ಅರ್ಥ ಆಯ್ತಾ?" ಎಂದು ಕೇಳುವುದನ್ನು ಇಬ್ಬರೂ ನಿಲ್ಲಿಸಬೇಕೆಂದೆ. ಆ ಪ್ರಶ್ನೆಗೆ ಮರ್ಯಾದೆಯಿರುವ ಎಲ್ಲರೂ "ಆಯ್ತು" ಎಂದೇ ಹೇಳುತ್ತಾರೆ. ಬದಲಿಗೆ, "ಹಾಗಾದ್ರೆ ನಾಳೆ ನಾವು ಎಂತ ಮಾಡುದು?" ಎಂದು ಕೇಳಿ, ಎದುರಿನವರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಸೊಸೆಗೆ ದನಿ ತಗ್ಗಿಸು ಎಂದು ನಾನು ಹೇಳಲಿಲ್ಲ; ಅದು ಅವಳ ಊರನ್ನೇ ಬಿಡು ಎಂದ ಹಾಗೆ. ಹಿತ್ತಿಲಿನಿಂದ ಚಾವಡಿಗೆ ಕೂಗಬೇಡ, ಹತ್ತಿರ ಹೋಗಿ ಸಣ್ಣ ಸಣ್ಣ ವಾಕ್ಯದಲ್ಲಿ ನಿಧಾನ ಹೇಳು ಎಂದೆ. ಅತ್ತೆಗೆ, ಬೇಸರವಾದರೆ ಒಳಗೆ ಹೋಗಬೇಡಿ, "ಈಗ ಬೇಡ, ಸಂಜೆ ಮಾತಾಡುವ" ಎಂದಾದರೂ ಬಾಯಿಬಿಟ್ಟು ಹೇಳಿ ಎಂದೆ.

ಮನೆಯಲ್ಲಿ ತುಳು ನಿಲ್ಲಿಸಿ ಎಂದೂ ಹೇಳಲಿಲ್ಲ. ಒಂದೇ ನಿಯಮ: ಸೊಸೆ ಎದುರಿಗಿರುವಾಗ ಅವಳ ಹೆಸರು ತುಳು ಮಾತಿನಲ್ಲಿ ಬಂದರೆ, ಅಲ್ಲೇ ನಿಲ್ಲಿಸಿ ಆ ಮಾತನ್ನು ಕನ್ನಡದಲ್ಲಿ ಅವಳಿಗೇ ಹೇಳಬೇಕು. ತಿಳಿಯದ ಭಾಷೆಯ ನಡುವೆ ತನ್ನ ಹೆಸರು ಕೇಳಿಸುವುದಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುವುದು ಬೇರೆ ಇಲ್ಲ.

ಸೊಸೆ ತುಳು ಕಲಿತರೆ ಎಲ್ಲ ಸರಿಹೋಗುತ್ತದೆ, ಅದನ್ನು ಯಾಕೆ ಮೊದಲು ಹೇಳಲಿಲ್ಲ ಎಂದು ಕೇಳಿದವರಿದ್ದಾರೆ. ಕಲಿಯುವುದು ಒಳ್ಳೆಯದೇ. ಶುರುವಿಗೆ ಅವಳಿಗೆ "ನನೊರ ಪನ್ಲೆ", ಅಂದರೆ ಇನ್ನೊಮ್ಮೆ ಹೇಳಿ ಎಂಬುದನ್ನು ಕಲಿಸಿದ್ದೂ ಆಯಿತು. ಆದರೆ ಇಡೀ ಹೊರೆಯನ್ನು ಮನೆಗೆ ಹೊಸದಾಗಿ ಬಂದವಳ ತಲೆಗೆ ಹೊರಿಸುವ ಸಲಹೆಯನ್ನು ನಾನು ಕೊಡುವುದಿಲ್ಲ. ತುಳು ಕಲಿಯಲು ಒಂದೆರಡು ವರ್ಷ ಬೇಕು, ಆ ಒಂದೆರಡು ವರ್ಷದಲ್ಲಿ ಮನೆ ಒಡೆದಿರುತ್ತದೆ. ತಾಯಿಗೂ ಮಗನಿಗೂ ನಡುವೆ ಬಿರುಕು ತಂದಿರಿ ಎಂದು ನೆಂಟರೊಬ್ಬರು ಆಕ್ಷೇಪಿಸಿದರು. ಮಗ ತಾಯಿಯಿಂದ ದೂರವಾಗಲಿಲ್ಲ. ತಾಯಿ ಮತ್ತು ಹೆಂಡತಿ ಒಬ್ಬರಿಗೊಬ್ಬರು ಸಿಗಲಿಕ್ಕೆ ಅವನು ಅಡ್ಡ ನಿಂತಿದ್ದ, ಪಕ್ಕಕ್ಕೆ ಸರಿದ, ಅಷ್ಟೇ.

ಒಂದು ಎಚ್ಚರಿಕೆ ಹೇಳಲೇಬೇಕು. ಹೊಡೆತ, ಬೆದರಿಕೆ, ವರದಕ್ಷಿಣೆಯ ಒತ್ತಾಯ ಇರುವ ಮನೆಗೆ ಈ ಯಾವ ಸಲಹೆಯೂ ಅಲ್ಲ. ಅಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸುವುದೇ ತಪ್ಪು, ಬಾಯಿಬಿಟ್ಟದ್ದಕ್ಕೆ ಹೆಣ್ಣು ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಅಂಥವರಿಗೆ ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಸಂಸ್ಕೃತಿಯ ವ್ಯತ್ಯಾಸ ಎಂಬ ಹೆಸರಿನಲ್ಲಿ ಹಿಂಸೆಯನ್ನು ಮುಚ್ಚಬಾರದು.

ಈ ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ಇಳಿಸಿ, ಮುಂದಿನ ಆರು ತಿಂಗಳಲ್ಲಿ ಯಾರಿಗೆ ಯಾವ ದಿನ ಬಿಡಲಾಗದ್ದು ಎಂದು ಅತ್ತೆ ಸೊಸೆ ಒಟ್ಟಿಗೆ ಗುರುತು ಹಾಕಿದರು. ಪಂಚಮಿ ಒಂದು ವರ್ಷ ತವರಲ್ಲಿ, ಒಂದು ವರ್ಷ ಬನದಲ್ಲಿ ಎಂದು ಒಪ್ಪಿಕೊಂಡರು. ತವರಿಗೆ ಹೋಗುವ ವರ್ಷ ಬನದ ಹಿರಿಯರಿಗೆ ಮುಂಚೆಯೇ ಹೇಳುವ ಕೆಲಸ ಅತ್ತೆಯದು, ಬೀಗಿತ್ತಿಗೆ ಫೋನ್ ಮಾಡಿ ದಿನ ಗೊತ್ತು ಮಾಡುವುದೂ ಅವರದೇ.

ಮಂಗಳೂರಿಗೆ ಕೊಟ್ಟ ಮಗಳ, ಅಂದರೆ ಸೊಸೆಯ ನಾದಿನಿಯ ವಿಷಯ ಇನ್ನೂ ಮುಗಿದಿಲ್ಲ. ಇದು ಅಳಿಯಕಟ್ಟಿನ, ಅಂದರೆ ವಂಶ, ಆಸ್ತಿ ಎರಡೂ ತಾಯಿಯ ಕಡೆಯಿಂದ ಬರುತ್ತಿದ್ದ ಕುಟುಂಬ. ಆಸ್ತಿಯ ಕಾನೂನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಬದಲಾದರೂ, ಮದುವೆಯಾದ ಮಗಳು ತಾಯಿಮನೆಯಲ್ಲಿ ನೆಂಟಳಾಗುವುದಿಲ್ಲ ಎಂಬ ರೂಢಿ ಉಳಿದಿದೆ. ಅವಳು ಬಂದು ಕಪಾಟು ತೆಗೆಯುವುದು, ಮನೆಯ ರಿಪೇರಿ ಬಗ್ಗೆ ತೀರ್ಮಾನ ಹೇಳುವುದು ಅತ್ತೆಗೆ ಸಹಜ, ಸೊಸೆಗೆ ಅಧಿಕಪ್ರಸಂಗ. ಮುಂದಿನ ಭೇಟಿಗೆ ನಾದಿನಿಯನ್ನೂ ಕರೆಯೋಣ ಎಂದು ಅತ್ತೆಯೇ ಸೂಚಿಸಿದ್ದಾರೆ. ಮಗನ ಕೈಯಲ್ಲಿ ಹೇಳಿಸದೆ ಸೊಸೆಯೇ ಅವಳಿಗೆ ಫೋನ್ ಮಾಡಬೇಕೆಂದು ಹೇಳಿ ಕಳಿಸಿದ್ದೇನೆ.