ರಿಪೋರ್ಟೆಲ್ಲ ಸರಿಯಿದೆ, ಸುಸ್ತು ಮಾತ್ರ ಹೋಗಿಲ್ಲ

ಪ್ರಶ್ನೆ: ನನಗೆ 52 ವರ್ಷ. ತೀವ್ರ ನ್ಯುಮೋನಿಯಾ ಆಗಿ 10 ದಿನ ಐಸಿಯುನಲ್ಲಿದ್ದೆ. ಮನೆಗೆ ಬಂದು 5 ವಾರವಾಯಿತು. ರಕ್ತಪರೀಕ್ಷೆ, ಎಕ್ಸ್‌ರೇ ಸರಿಯಿವೆ. ಆದರೂ ಸ್ನಾನ ಮುಗಿಸಿ ಬಂದರೆ ಅರ್ಧ ಗಂಟೆ ಮಲಗಬೇಕು. ಒಂದು ದಿನ ಹುಷಾರಾಯಿತು ಅನ್ನಿಸಿ ಓಡಾಡಿದರೆ ಮರುದಿನ ಏಳಲಾಗುವುದಿಲ್ಲ. ಕಾಯಿಲೆ ಒಳಗೇ ಉಳಿದಿದೆಯೇ?

ಉತ್ತರ: ನೀವು ಹೇಳಿರುವುದನ್ನು ನೋಡಿದರೆ ಕಾಯಿಲೆ ಉಳಿದಿರುವುದಕ್ಕಿಂತ ಸ್ನಾಯುಬಲ ಕರಗಿರುವುದೇ ಹೆಚ್ಚು ಸಂಭವ. ಐಸಿಯುನಲ್ಲಿ ಮಲಗಿದವರ ತೊಡೆಯ ಸ್ನಾಯು 10 ದಿನಗಳಲ್ಲೇ ಸುಮಾರು ಆರನೇ ಒಂದು ಪಾಲು ತೆಳ್ಳಗಾಗಬಲ್ಲದು. ಅದು ಮತ್ತೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಈ ನಷ್ಟ ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ.

ನ್ಯುಮೋನಿಯಾ ಆದವರಲ್ಲಿ ಸಾಮಾನ್ಯವಾಗಿ ಜ್ವರ 1 ವಾರಕ್ಕೆ ಬಿಡುತ್ತದೆ. ಎದೆನೋವು, ಕಫ 4 ವಾರಕ್ಕೆ, ಕೆಮ್ಮು, ಏದುಸಿರು 6 ವಾರಕ್ಕೆ ಬಹುಮಟ್ಟಿಗೆ ಇಳಿಯುತ್ತವೆ. ಸುಸ್ತು 3 ತಿಂಗಳಾದರೂ ಇರಬಹುದು. ಹೆಚ್ಚಿನವರು ಮೊದಲಿನಂತಾಗುವುದು 6 ತಿಂಗಳಿಗೆ. ಐಸಿಯುನಲ್ಲಿದ್ದವರಿಗೆ ಇನ್ನೂ ತಡ. ಹಾಗಾಗಿ ನಿನ್ನೆಗೂ ಇವತ್ತಿಗೂ ಹೋಲಿಸಬೇಡಿ, ವ್ಯತ್ಯಾಸ ಸಿಗುವುದಿಲ್ಲ. ಎರಡು ವಾರಕ್ಕೊಮ್ಮೆ ಹೋಲಿಸಿ.

ನಿಮ್ಮನ್ನು ಹಿಂದಕ್ಕೆ ತಳ್ಳುತ್ತಿರುವುದು ಕೆಟ್ಟ ದಿನವಲ್ಲ, ಒಳ್ಳೆಯ ದಿನ. ಬಾಕಿಯಿದ್ದ ಕೆಲಸವನ್ನೆಲ್ಲ ಅವತ್ತೇ ಮುಗಿಸಿ, ಮುಂದಿನೆರಡು ದಿನ ಮಲಗಿದರೆ ಇದ್ದ ಬಲವೂ ಇಳಿಯುತ್ತದೆ. ಕೆಟ್ಟ ದಿನದಲ್ಲೂ ಮಾಡಬಹುದಾದಷ್ಟನ್ನೇ ಅಳತೆಯಾಗಿಟ್ಟುಕೊಳ್ಳಿ: ಹೊತ್ತಿಗೆ 5 ನಿಮಿಷದಂತೆ ದಿನಕ್ಕೆರಡು ಸಲ ಸಮತಟ್ಟು ನೆಲದಲ್ಲಿ ನಡಿಗೆ. ನಡೆಯುವಾಗ ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಒಳ್ಳೆಯ ದಿನವೂ ಅಷ್ಟಕ್ಕೇ ನಿಲ್ಲಿಸಿ (ಕಷ್ಟವಾಗುವುದು ಇದೇ). ಒಂದು ವಾರ ತೊಂದರೆಯಿಲ್ಲದೆ ಕಳೆದರೆ ಪ್ರತಿ ನಡಿಗೆಗೆ 1 ನಿಮಿಷ ಸೇರಿಸಿ. ಜೊತೆಗೆ, ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ 5 ಸಲ ಎದ್ದು ಕೂರಿ. ಮೊದಮೊದಲು ಕೈ ಊರಿದರೂ ಸರಿಯೇ. ತೊಡೆಗೆ ಬಲ ಬರುವುದು ನಡಿಗೆಗಿಂತ ಇದರಿಂದಲೇ ಹೆಚ್ಚು. ಸುಸ್ತು ಏರಿದ ದಿನ ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ. ಆದರೆ ಇಷ್ಟು ಅಲ್ಪ ಶ್ರಮಕ್ಕೂ ಮರುದಿನ ಮತ್ತೆ ಮತ್ತೆ ಕುಸಿಯುತ್ತಿದ್ದರೆ ಏರಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಅಂಥ ಸುಸ್ತು ಬೇರೆಯೇ ಬಗೆಯದು, ವ್ಯಾಯಾಮದಿಂದ ಹೆಚ್ಚಾಗುತ್ತದೆ.

ಸ್ನಾನ ಹಗುರ ಕೆಲಸವೆಂದು ಮನೆಯವರು ಅಂದುಕೊಳ್ಳುತ್ತಾರೆ. ನಿಂತಿರಬೇಕು, ತೋಳೆತ್ತಬೇಕು, ಬಗ್ಗಬೇಕು. ಬಿಸಿನೀರಿಗೆ ರಕ್ತನಾಳ ಹಿಗ್ಗಿ ರಕ್ತದೊತ್ತಡ ಬೇರೆ ಇಳಿಯುತ್ತದೆ. ಜಾರದ ಸ್ಟೂಲಿನ ಮೇಲೆ ಕೂತು ಉಗುರುಬೆಚ್ಚನೆ ನೀರಿನಲ್ಲಿ ಮಾಡಿ. ಮೈ ಒರೆಸಿಕೊಳ್ಳುವುದೂ ಬಟ್ಟೆ ಹಾಕಿಕೊಳ್ಳುವುದೂ ಕೂತೇ ಆಗಲಿ. ನಡಿಗೆ ಮುಗಿದ ಕೂಡಲೇ ಸ್ನಾನಕ್ಕೆ ಹೋಗಬೇಡಿ. ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ 2 ನಿಮಿಷ ಕೂತು ಆಮೇಲೆ ನಿಲ್ಲಿ.

ಪ್ರೋಟೀನು ದೇಹತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು. 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಹಸಿವು ಕಡಿಮೆಯಿರುವುದರಿಂದ ಒಂದೇ ಊಟದಲ್ಲಿ ಇದು ಹೋಗುವುದಿಲ್ಲ, ನಾಲ್ಕಾಗಿ ಹಂಚಿ. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ.

ಜ್ವರ ಮರುಕಳಿಸಿದರೆ, ಕೂತಲ್ಲೇ ಏದುಸಿರು ಬಂದರೆ, ಎದೆ ನೋವು, ಕಫದಲ್ಲಿ ರಕ್ತ, ಒಂದೇ ಕಾಲಿನ ಮೀನಖಂಡದಲ್ಲಿ ಊತ, ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಚೇತರಿಕೆಯ ಸುಸ್ತಲ್ಲ.

ಪ್ರಶ್ನೆ: ಜ್ವರ ಬಿಟ್ಟು ಎರಡೂವರೆ ತಿಂಗಳ ಮೇಲೆ ಕೂದಲು ಗೊಂಚಲುಗೊಂಚಲಾಗಿ ಉದುರುತ್ತಿದೆ. ಉಗುರುಗಳ ಮೇಲೆ ಅಡ್ಡಗೆರೆ ಮೂಡಿದೆ. ಮಾತ್ರೆಯ ಅಡ್ಡಪರಿಣಾಮವೇ?

ಉತ್ತರ: ಕಾಯಿಲೆಯದೇ ಕುರುಹಿರಬೇಕು. ತೀವ್ರ ಜ್ವರದ ಹೊತ್ತಿನಲ್ಲಿ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿ ಹಂತಕ್ಕೆ ಹೋಗಿ, 2–3 ತಿಂಗಳ ಬಳಿಕ ಉದುರುತ್ತವೆ. ಬೇರು ಸತ್ತಿರುವುದಿಲ್ಲ, ಮತ್ತೆ ಬೆಳೆಯುತ್ತವೆ. ಉಗುರಿನ ಗೆರೆ ಅದರ ಬೆಳವಣಿಗೆ ನಿಂತಿದ್ದ ಜಾಗ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಗೆರೆ ತಾನೇ ತುದಿಗೆ ಸರಿದು ಹೋಗುತ್ತದೆ. ದುಬಾರಿ ಎಣ್ಣೆಗಳ ಅಗತ್ಯವಿಲ್ಲ. 6 ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಥೈರಾಯ್ಡ್ ಮತ್ತು ಕಬ್ಬಿಣಾಂಶದ ಪರೀಕ್ಷೆ ಮಾಡಿಸಿ.