ಕಂಪನಿ ನಿಮ್ಮದೇ, ಯೂನಿಯನ್ ಯಾಕೆ?

(ಹೆಸರು, ಗುರುತು ಬದಲಿಸಿದ್ದೇನೆ.)

ಸುಮಾ ಅವರ ಊರು ಕುಂದಾಪುರದ ಕಡೆ. ಮನೆ ಡೊಂಬಿವಲಿ, ಕೆಲಸ ಮುಂಬೈ ದಾದರ್‌ನ ಒಂದು ಚಿಕ್ಕ ಸುದ್ದಿಸಂಸ್ಥೆಯ ಡೆಸ್ಕ್‌ನಲ್ಲಿ. ಅಲ್ಲಿ ಸಿಬ್ಬಂದಿಯೇ ಷೇರುದಾರರು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಲೋಕಲ್ ಹತ್ತುವಾಗಲೇ ಎದೆ ಡವಡವ ಅನ್ನುತ್ತದೆ ಎಂದು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಿದ್ದರು.

ರಾತ್ರಿ ಪಾಳಿಯ ಇಬ್ಬರನ್ನು ಏಕಾಏಕಿ ತೆಗೆದಿದ್ದರು. ಉಳಿದವರು ಯೂನಿಯನ್ ಮಾಡೋಣ ಅಂದರು, ಪ್ರತಿನಿಧಿಯಾಗಿ ಇವರನ್ನೇ ಮುಂದೆ ಮಾಡಿದರು. ಸಂಪಾದಕರು ಇವರ ಊರಿನವರೇ, ಇವರ ಬಾಯಲ್ಲಿ 'ಅಣ್ಣ', ಈ ಕೆಲಸ ಕೊಡಿಸಿದವರೂ ಅವರೇ. "ಅಲ್ಲ ಸುಮಾ, ಕಂಪನಿ ನಿನ್ನದೂ ಅಲ್ವಾ? ಯೂನಿಯನ್ ಯಾರ ಮೇಲೆ?" ಎಂದು ಕೇಳಿದ್ದರು.

"ಅಣ್ಣನ ಎದುರು ನಿಲ್ಲೋದು ಹೇಗೆ ಮೇಡಂ? ಉಂಡ ಮನೆಗೆ ದ್ರೋಹ ಮಾಡಿದ ಹಾಗೆ ಆಗುತ್ತೆ."

ನಾನು ಹೌಸಿಂಗ್ ಸೊಸೈಟಿಯ ಮಾತೆತ್ತಿದೆ. "ನಿಮ್ಮ ಹತ್ತಿರ ಸೊಸೈಟಿಯ ಷೇರ್ ಸರ್ಟಿಫಿಕೇಟ್ ಇದೆ, ಅದು ನಿಮ್ಮದೂ ಹೌದು. ಆದರೂ ನೀರು ನಿಂತರೆ ಕಮಿಟಿ ಜೊತೆ ಜಗಳ ಆಡಲ್ವಾ?" ನಕ್ಕರು. ಆಮೇಲೆ ಅವರೇ ಹೇಳಿದರು: ಪ್ಯಾರಿಸ್‌ನ ಲ ಮೋಂದ್ ಪತ್ರಿಕೆಯಲ್ಲಿ 1951ರಲ್ಲೇ ಪತ್ರಕರ್ತರ ಸಂಘಕ್ಕೆ ಒಡೆತನದಲ್ಲಿ ಪಾಲು ಸಿಕ್ಕಿತು, ಅಲ್ಲಿ ಯೂನಿಯನ್‌ಗಳೂ ಇವೆ. ಅಂದರೆ ವಿಷಯ ಅವರಿಗೆ ಗೊತ್ತೇ ಇತ್ತು. ಕಾಡುತ್ತಿದ್ದದ್ದು ಊರಿನವರ ಋಣ. ಮುಂಬೈ ಕನ್ನಡಿಗರಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ. ನಮ್ಮವರು ಕೊಡಿಸಿದ ಕೆಲಸದಲ್ಲಿ ಸಂಬಳ ಹೆಚ್ಚಿಸಿ ಅನ್ನಲೂ ಬಾಯಿ ಬರುವುದಿಲ್ಲ.

ನಾನು ಹೇಳಿದ್ದು ಇಷ್ಟು. ಅಣ್ಣನಿಗೆ ನೀವೇ ಮೊದಲು ತಿಳಿಸಿ, ಆದರೆ ಒಪ್ಪಿಗೆ ಕೇಳಬೇಡಿ. ಅವರ ಮನೆಗೆ ಹೋಗಬೇಡಿ, ಆಫೀಸಿನಲ್ಲೇ ಮಾತಾಡಿ, ಜೊತೆಗೆ ಇನ್ನೊಬ್ಬರಿರಲಿ. ಅವರು ಮಾಡಿದ ಉಪಕಾರವನ್ನು ಬಾಯಿಬಿಟ್ಟು ನೆನೆಯಿರಿ. ಪಾಳಿ, ನೋಟಿಸಿನ ವಿಷಯವನ್ನು ಅದಕ್ಕೆ ಗಂಟು ಹಾಕಬೇಡಿ. ಪ್ರತಿನಿಧಿಯಾಗಲು ಮನಸ್ಸಿಲ್ಲವೇ, ಬೇಡ ಅನ್ನಿ. ಸದಸ್ಯರಾಗಿದ್ದರೂ ಸಾಕು. ರಾತ್ರಿ ಹತ್ತರ ಮೇಲೆ ವಾಟ್ಸಾಪ್ ಗುಂಪು ನೋಡಬೇಡಿ.

ಕಾನೂನಿಗೆ ವಕೀಲರ ಹತ್ತಿರ ಕಳಿಸಿದೆ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಪತ್ರಕರ್ತರು ಕಾರ್ಮಿಕರೇ. ಯೂನಿಯನ್ ನೋಂದಣಿಗೆ ಕನಿಷ್ಠ 7 ಸದಸ್ಯರು ಬೇಕು. ಕೆಲಸ ಬಿಟ್ಟರೆ ಷೇರಿನ ಗತಿ ಏನು ಎಂದು ಒಪ್ಪಂದ ಓದಿಸಿಕೊಳ್ಳಲೂ ಹೇಳಿದೆ. ಅದನ್ನು ಅವರು ಓದಿಯೇ ಇರಲಿಲ್ಲ!

ಸುಮಾ ಪ್ರತಿನಿಧಿಯಾದರು, ಇನ್ನೊಬ್ಬರ ಜೊತೆ ಸೇರಿ. ಸಂಪಾದಕರು ಕೆಲವು ದಿನ ಕನ್ನಡ ಬಿಟ್ಟು ಹಿಂದಿಯಲ್ಲೇ ಮಾತಾಡಿದರಂತೆ. ನಿದ್ದೆ ಸುಧಾರಿಸಿದೆ. ಎದೆಬಡಿತ ಪೂರ್ತಿ ಹೋಗಿಲ್ಲ, ಹಾಗಾಗಿ ವೈದ್ಯರಿಗೂ ತೋರಿಸಲು ಹೇಳಿದ್ದೇನೆ.