ಸೋತಿದ್ದು ರೊಟ್ಟಿಯೋ, ಉದ್ರಿಯೋ?

ಸಣ್ಣ ಉದ್ದಿಮೆ ನಡೆಸುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿ. ನಾನು, ನನ್ನ ಹೆಂಡತಿ ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಿದ್ದೆವು. ಊರಲ್ಲಿ ವ್ಯಾಪಾರ ಚೆನ್ನಾಗಿತ್ತು. ಆಮೇಲೆ ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ಒಬ್ಬರು ಸಿಕ್ಕರು. ದೊಡ್ಡ ಆರ್ಡರ್ ಅಂತ ಬ್ಯಾಂಕಿನಲ್ಲಿ ಸಾಲ ಮಾಡಿ, ಹೆಂಡತಿಯ ಒಡವೆ ಅಡ ಇಟ್ಟು ಶೆಡ್ ಕಟ್ಟಿದೆ. ಮಾಲು ಹೋಗುತ್ತಲೇ ಇತ್ತು, ದುಡ್ಡು ಮಾತ್ರ ಬರಲಿಲ್ಲ. ಈಗ 6 ಲಕ್ಷ ನಷ್ಟವಾಗಿ ಕೆಲಸ ನಿಲ್ಲಿಸಿದ್ದೇನೆ. ಸಾಲದ ಎರಡು ಕಂತು ಬಾಕಿ ಇದೆ. ಸಣ್ಣ ಉದ್ದಿಮೆಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿ ಮೊದಲಿಂದಲೂ ಇದೆ. ಎಲ್ಲರೂ ‘ಸೋಲೇ ಗೆಲುವಿನ ಮೆಟ್ಟಿಲು’ ಅಂತಾರೆ. ಮತ್ತೆ ಶುರು ಮಾಡಲೋ, ಹಳೇ ಫ್ಯಾಕ್ಟರಿ ಕೆಲಸಕ್ಕೆ ವಾಪಸ್ ಹೋಗಲೋ? ಲೆಕ್ಕದ ಪುಸ್ತಕದ ಫೋಟೊ ಕಳಿಸಿದ್ದೇನೆ.

ಮೆಟ್ಟಿಲಿನ ಮಾತು ಸದ್ಯಕ್ಕೆ ಬದಿಗಿಡಿ. ಯಾರೋ ಸಮಾಧಾನಕ್ಕೆ ಹೇಳಿದ್ದು ಅದು. ಲೆಕ್ಕದ ಪುಸ್ತಕ ಕಳಿಸಿದಿರಲ್ಲ, ಅದು ಒಳ್ಳೆಯದಾಯಿತು. ನನಗೆ ಬರುವ ಪತ್ರಗಳಲ್ಲಿ ದುಃಖ ಜಾಸ್ತಿ, ಲೆಕ್ಕ ಕಡಿಮೆ. ‘ವ್ಯಾಪಾರ ಸೋತಿತು’ ಅಂತ ಒಟ್ಟಾಗಿ ಹೇಳಿಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಅದರಲ್ಲಿ ಯಾವ ಭಾಗ ಸೋತಿತು ಅನ್ನೋದು ಗೊತ್ತಾಗಬೇಕು.

ನಿಮ್ಮ ಪುಸ್ತಕದಿಂದಲೇ ನೋಡೋಣ. ಹತ್ತು ರೊಟ್ಟಿಯ ಪ್ಯಾಕೆಟ್ ಮಾಡಲು ಹಿಟ್ಟು, ಗ್ಯಾಸ್, ರೊಟ್ಟಿ ಬಡಿಯುವವರ ಕೂಲಿ, ಕವರ್ ಎಲ್ಲಾ ಸೇರಿ ನಿಮಗೆ 38 ರೂಪಾಯಿ ಬೀಳುತ್ತದೆ. ಡಿಸ್ಟ್ರಿಬ್ಯೂಟರ್‌ಗೆ 48ಕ್ಕೆ ಕೊಟ್ಟಿದ್ದೀರಿ. ಪ್ಯಾಕೆಟ್‌ಗೆ 10 ರೂಪಾಯಿ ಲಾಭ ಅಂತ ಪಕ್ಕದಲ್ಲಿ ಬರೆದುಕೊಂಡಿದ್ದೀರಿ. ಆದರೆ ಮುಂದಿನ ಪುಟದಲ್ಲಿ ನೀವೇ ಬರೆದಿರುವ ವಾಪಸ್ ಬಂದ ಮಾಲಿನ ಲೆಕ್ಕ ನೋಡಿ. 100 ಪ್ಯಾಕೆಟ್ ಹೋದರೆ ಸುಮಾರು 15 ವಾಪಸ್ ಬಂದಿವೆ. ಕೆಲವು ದಾರಿಯಲ್ಲೇ ಚೂರಾಗಿವೆ, ಕೆಲವು ಮಳೆಗಾಲದಲ್ಲಿ ಮೆತ್ತಗಾಗಿವೆ. ಅಂದರೆ 85 ಪ್ಯಾಕೆಟ್‌ಗೆ ಮಾತ್ರ ದುಡ್ಡು: 4,080 ರೂಪಾಯಿ. ಮಾಡಿದ ಖರ್ಚು 3,800. ಉಳಿದದ್ದು 280. ಲಾರಿ ಬಾಡಿಗೆ ಪ್ಯಾಕೆಟ್‌ಗೆ 3 ರೂಪಾಯಿಯಂತೆ 300. ಕೊನೆಗೆ 100 ಪ್ಯಾಕೆಟ್‌ಗೆ 20 ರೂಪಾಯಿ ಕೈಯಿಂದ ಹೋಗಿದೆ. ಡಿಸ್ಟ್ರಿಬ್ಯೂಟರ್ ಹೇಳಿದ ದಿನಕ್ಕೇ ದುಡ್ಡು ಕೊಟ್ಟಿದ್ದರೂ ನಿಮಗೆ ನಷ್ಟವೇ ಆಗುತ್ತಿತ್ತು. ಆರ್ಡರ್ ದೊಡ್ಡದಾದಷ್ಟೂ ನಷ್ಟವೂ ದೊಡ್ಡದಾಗಿದೆ.

ಈಗ ಅದೇ ಪುಸ್ತಕದ ಮೊದಲ ವರ್ಷದ ಪುಟಗಳಿಗೆ ಬನ್ನಿ. ಖಾನಾವಳಿಗಳಿಗೆ ಪ್ರಿಂಟ್ ಕವರ್ ಇಲ್ಲದೆ, ಹತ್ತು ರೊಟ್ಟಿ 44ಕ್ಕೆ ಕೊಟ್ಟಿದ್ದೀರಿ. ನಿಮಗೆ ಬಿದ್ದದ್ದು 34. ವಾಪಸ್ ಬರುವ ಮಾತೇ ಇಲ್ಲ, ನಿಮ್ಮ ಸ್ಕೂಟರ್ ಪೆಟ್ರೋಲ್ ಬಿಟ್ಟರೆ ಸಾಗಾಟವೂ ಇಲ್ಲ, ದುಡ್ಡು ವಾರಕ್ಕೊಮ್ಮೆ ಕೈಗೆ. ಮೂರು ಖಾನಾವಳಿಯವರು ಈಗಲೂ ಫೋನ್ ಮಾಡಿ ‘ಮತ್ತ ಯಾವಾಗ ಚಾಲೂ ಮಾಡ್ತೀರಿ’ ಅಂತ ಕೇಳುತ್ತಾರೆ ಅಂತ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ. ನನ್ನ ಕಣ್ಣಿಗೆ ನಿಮ್ಮ ಪತ್ರದ ಮುಖ್ಯ ಸಾಲು ಅದೇ.

ರೊಟ್ಟಿ ಸೋತಿಲ್ಲ. ಬೆಂಗಳೂರಿನ ದಾರಿ ಸೋತಿದೆ, ಜೊತೆಗೆ ಉದ್ರಿ ಸೋತಿದೆ. ‘ಇಂದು ನಗದು, ನಾಳೆ ಉದ್ರಿ’ ಅಂತ ಅಂಗಡಿಯವರು ಬೋರ್ಡ್ ಹಾಕುತ್ತಾರಲ್ಲ, ಅದನ್ನು ನಾವು ಗಿರಾಕಿಗೆ ಮಾತ್ರ ಅಂದುಕೊಂಡಿರುತ್ತೇವೆ. ದೊಡ್ಡ ಆರ್ಡರ್ ತಂದವರ ಮುಂದೆ ಮರೆತೇಬಿಡುತ್ತೇವೆ.

ದಾರಿ ಬದಲಿಸಿ ಕಸುಬು ಉಳಿಸಿಕೊಂಡವರು ನಮ್ಮಲ್ಲೇ ಇದ್ದಾರೆ. 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್ ಹೋಟೆಲ್ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆ ಇಡ್ಲಿ ಮಾಡಿದರು. ತುರ್ತು ಪರಿಸ್ಥಿತಿಯ ಸಮಯದಲ್ಲಿ ಸರಕಾರ ಹೋಟೆಲ್ ತಿಂಡಿಗೆ ತೀರಾ ಕಡಿಮೆ ದರ ಗೊತ್ತು ಮಾಡಿತು. ಆ ದರಕ್ಕೆ ತಮ್ಮ ರುಚಿಯ ತಿಂಡಿ ಕೊಡಲು ಆಗದೆ ಹೋಟೆಲ್ ಬಾಗಿಲು ಹಾಕಬೇಕಾಯಿತು. ಆಗ ತಿಂಡಿಯ ಮಿಕ್ಸ್, ಮಸಾಲೆ ಪುಡಿಗಳನ್ನು ಪ್ಯಾಕ್ ಮಾಡಿ ಮಾರಲು ಹೊರಟರು. ಆ ಪ್ಯಾಕೆಟ್ ವ್ಯಾಪಾರ ಬೆಳೆದು ಬೆಳೆದು 2007ರಲ್ಲಿ ಅದನ್ನು ನಾರ್ವೆಯ ಒರ್ಕ್ಲಾ ಕಂಪನಿ ಕೊಂಡಿತು. ಹೋಟೆಲ್ ಮತ್ತೆ ತೆರೆದು ಕುಟುಂಬದವರ ಕೈಯಲ್ಲೇ ಉಳಿಯಿತು. ಅವರು ರುಚಿಯಲ್ಲಿ ಹಟ ಹಿಡಿದರು, ಮಾರುವ ದಾರಿಯಲ್ಲಿ ಹಿಡಿಯಲಿಲ್ಲ. ನಿಮಗೂ ನಾನು ಹೇಳುವುದು ಇಷ್ಟೇ.

ಹಾಗಂತ ನಾಳೆಯೇ ಒಲೆ ಹಚ್ಚಬೇಡಿ. ಮೊದಲು ಬ್ಯಾಂಕಿಗೆ ಹೋಗಿ. ಎರಡು ಕಂತು ನಿಂತಿದೆ ಅಂದರೆ ಸಮಯ ಕಡಿಮೆ ಇದೆ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿದ ಹಾಗೆ. ನಾನು ಬ್ಯಾಂಕಿನಲ್ಲಿ ಸಣ್ಣ ಉದ್ದಿಮೆಗಳ ಸಾಲ ನೋಡುತ್ತಿದ್ದಾಗ ಕಂಡದ್ದು ಹೇಳುತ್ತೇನೆ. ಕಷ್ಟ ಬಂದ ಕೂಡಲೇ ಜನ ಫೋನ್ ತೆಗೆಯುವುದು ಬಿಡುತ್ತಾರೆ. ನಾಚಿಕೆ ಇರಬಹುದು. ಆದರೆ ಬ್ಯಾಂಕಿನವರಿಗೆ ಅದು ಬೇರೆ ಥರ ಕಾಣುತ್ತದೆ. ಸಣ್ಣ ಉದ್ದಿಮೆ ಕಷ್ಟದಲ್ಲಿದ್ದರೆ ಸಾಲಗಾರರೇ ಅರ್ಜಿ ಕೊಟ್ಟು ಕಂತು ಬದಲಿಸಿಕೊಳ್ಳಲು ಕೇಳಬಹುದು. ಅದಕ್ಕೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಬಾಯಿಮಾತು ಬೇಡ, ಒಂದು ಪುಟದ ಪತ್ರ ಬರೆಯಿರಿ. ಎಷ್ಟು ಬಾಕಿ, ಯಾಕೆ ನಿಂತಿತು, ಖಾನಾವಳಿ ವ್ಯಾಪಾರದಿಂದ ತಿಂಗಳಿಗೆ ಎಷ್ಟು ಕಟ್ಟಬಹುದು ಅಂತ. ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಒಪ್ಪುವುದು ಬಿಡುವುದು ಬ್ಯಾಂಕಿನ ಇಷ್ಟ, ಆದರೆ ಕೇಳದೇ ಇದ್ದರೆ ಯಾರೂ ಕರೆದು ಕೊಡುವುದಿಲ್ಲ.

ಒಡವೆ ವಿಷಯ. ಬಡ್ಡಿ ಕಟ್ಟದೆ ಬಿಟ್ಟರೆ ಹರಾಜಿಗೆ ಹೋಗುತ್ತದೆ, ಹರಾಜಿನಲ್ಲಿ ಒಳ್ಳೇ ಬೆಲೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಒಂದೆರಡು ಮಾರಿ ಉಳಿದದ್ದನ್ನು ಬಿಡಿಸಿಕೊಳ್ಳುವುದು ಎಷ್ಟೋ ಸಲ ಲಾಭ. ಆದರೆ ಆ ಮಾತು ನಿಮ್ಮ ಹೆಂಡತಿಯ ಬಾಯಿಂದ ಬರಬೇಕು. ಒಡವೆ ಅವರದ್ದು, ಅಲ್ವಾ?

ಡಿಸ್ಟ್ರಿಬ್ಯೂಟರ್ ಬಾಕಿಗೆ ಕಾನೂನಿನ ದಾರಿ ಇದೆ. ನೀವು ತಯಾರಕರು, ಉದ್ಯಮ್ ನೋಂದಣಿ ಮೊದಲೇ ಮಾಡಿಸಿದ್ದೀರಿ. ಬರವಣಿಗೆಯ ಒಪ್ಪಂದ ಇದ್ದರೂ ಕೊಳ್ಳುವವರು 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಂದ್ರ ಸರಕಾರದ ಸಣ್ಣ ಉದ್ದಿಮೆ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಬಿಲ್ಲು, ಮಾಲು ಮುಟ್ಟಿದ ಚೀಟಿ ಜೋಡಿಸಿಟ್ಟುಕೊಳ್ಳಿ. ಗೊತ್ತಾಗದಿದ್ದರೆ ಧಾರವಾಡದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. 90 ದಿನದಲ್ಲಿ ತೀರ್ಮಾನ ಅಂತ ಕಾನೂನು ಹೇಳುತ್ತದೆ, ನಡೆಯುವಾಗ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಈ ದುಡ್ಡು ಬರುತ್ತದೆ ಅಂತ ನಂಬಿ ಮುಂದಿನ ಲೆಕ್ಕ ಹಾಕಬೇಡಿ. ಬಂದರೆ ಬಂತು.

ಇನ್ನು ಫ್ಯಾಕ್ಟರಿ ಕೆಲಸ. ಹೋಗಿ. ಮನೆ ನಡೆಯಬೇಕು, ಕಂತು ಕಟ್ಟಬೇಕು. ಅದನ್ನು ಸೋಲು ಅಂತ ಯಾಕೆ ಅಂದುಕೊಳ್ಳುತ್ತೀರಿ? ಎನ್.ಆರ್. ನಾರಾಯಣಮೂರ್ತಿ ಇನ್ಫೋಸಿಸ್‌ಗೆ ಮೊದಲು ಸಾಫ್ಟ್‌ರಾನಿಕ್ಸ್ ಅಂತ ಒಂದು ಕಂಪನಿ ಮಾಡಿದ್ದರು. ಒಂದೂವರೆ ವರ್ಷದಲ್ಲಿ ಅದು ಮುಗಿಯಿತು. ಅವರು ಪಟ್ನಿ ಕಂಪ್ಯೂಟರ್ಸ್‌ನಲ್ಲಿ ನೌಕರಿಗೆ ಸೇರಿದರು. 1981ರಲ್ಲಿ ಇನ್ಫೋಸಿಸ್ ಶುರು ಮಾಡಿದಾಗ ಜೊತೆಗಿದ್ದ ಆರೂ ಮಂದಿ ಅದೇ ಪಟ್ನಿಯಲ್ಲಿ ಸಿಕ್ಕವರು. ಸದ್ಯ ನೀವು ನೌಕರಿ ಮಾಡಿ, ನಿಮ್ಮ ಹೆಂಡತಿ ಆ ಮೂರು ಖಾನಾವಳಿಗೆ ಮಾತ್ರ ರೊಟ್ಟಿ ಕೊಡಲಿ, ನಗದಿಗೆ. ಇಬ್ಬರು ರೊಟ್ಟಿ ಬಡಿಯುವವರು ಸಾಕು. ಶೆಡ್ಡಿನ ಅರ್ಧ ಬಾಡಿಗೆಗೆ ಹೋಗುತ್ತದೆಯೇ ನೋಡಿ. ಬೆಂಗಳೂರಿಗೆ ಮತ್ತೆ ಹೋಗುವುದಾದರೆ ರೊಟ್ಟಿಗಿಂತ ಮೊದಲು ಚಟ್ನಿ ಕಳಿಸಿ. ಚಟ್ನಿ ಚೂರಾಗುವುದಿಲ್ಲ.

ಪ್ರಶ್ನೆ: ಮೈಸೂರಿನವಳು. ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೆ, ಲಾಕ್‌ಡೌನ್‌ನಲ್ಲಿ ಬಾಡಿಗೆ ಕಟ್ಟಲಾಗದೆ ಮುಚ್ಚಿದೆ. ಆಮೇಲೆ ಆನ್‌ಲೈನ್‌ನಲ್ಲಿ ಸೀರೆ ಮಾರಿದೆ, ಅದೂ ಕೈ ಹಿಡಿಯಲಿಲ್ಲ. ಈಗ ಶಾಲಾ ಯೂನಿಫಾರಂ ಹೊಲಿಯುವ ಯೋಚನೆ ಇದೆ. ಮನೆಯಲ್ಲಿ ‘ಸಾಕು ಮಾಡು’ ಅಂತಾರೆ. ಛಲ ಯಾವುದು, ಸುಮ್ಮನೆ ಹಟ ಯಾವುದು ಅಂತ ತಿಳಿಯೋದು ಹೇಗೆ ಸರ್?

ಮೇಡಂ, ಶುರು ಮಾಡಿದ ಮೇಲೆ ತಿಳಿಯುವುದು ಕಷ್ಟ. ಹಾಕಿದ ದುಡ್ಡು ನಮ್ಮನ್ನು ಬಿಡುವುದಿಲ್ಲ. ‘ಇಷ್ಟು ಹಾಕಿದ್ದೀನಿ, ಇನ್ನೊಂದು ಚೂರು ಹಾಕಿದರೆ ದಡ ಸೇರಬಹುದು’ ಅನ್ನಿಸುತ್ತಲೇ ಇರುತ್ತದೆ. ಅದಕ್ಕೇ ಶುರು ಮಾಡುವ ಮೊದಲೇ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಎಷ್ಟು ದುಡ್ಡು ಹೋಗುವ ತನಕ, ಯಾವ ತಿಂಗಳ ತನಕ. ಅದನ್ನು ‘ಸಾಕು ಮಾಡು’ ಅನ್ನುವವರ ಕೈಗೇ ಕೊಡಿ. ಅವರ ಅರ್ಧ ಭಯ ಅಲ್ಲೇ ಇಳಿಯುತ್ತದೆ, ಯಾಕೆಂದರೆ ಅವರಿಗೆ ಹೆದರಿಕೆ ನಿಮ್ಮ ವ್ಯಾಪಾರದ ಮೇಲಲ್ಲ, ಅದಕ್ಕೊಂದು ಕೊನೆ ಕಾಣುತ್ತಿಲ್ಲ ಅನ್ನುವುದರ ಮೇಲೆ. ನೀವು ಗೆರೆ ದಾಟುವಾಗ ಕೇಳಲು ಒಬ್ಬರು ಇರುತ್ತಾರೆ.

ಹಿಂದಿನ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬ್ಲೌಸ್ ಅಂಗಡಿ ಮುಚ್ಚಿದ್ದು ಬಾಡಿಗೆಯಿಂದ. ನಿಮ್ಮ ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಸೀರೆ ವ್ಯಾಪಾರದಲ್ಲಿ ನಿಮ್ಮ ಕೈಕೆಲಸ ಏನೂ ಇರಲಿಲ್ಲ, ಅದೇ ಸೀರೆಯನ್ನು ಇನ್ನೂ ನೂರು ಜನ ಮಾರುತ್ತಿದ್ದರು. ಹಳೇ ಬ್ಲೌಸ್ ಗಿರಾಕಿಗಳು ರಿಯಾಯಿತಿ ಕೇಳದೆ ಮತ್ತೆ ಮತ್ತೆ ಬರುತ್ತಿದ್ದರೇ? ಹೌದಾದರೆ ಮನೆಯಲ್ಲೇ ಮೆಷಿನ್ ಹಾಕಿಕೊಂಡು ಅದನ್ನೇ ಮುಂದುವರಿಸಿ ಅನ್ನುತ್ತೇನೆ. ಯೂನಿಫಾರಂ ನನಗೆ ಅಷ್ಟು ಹಿಡಿಸುತ್ತಿಲ್ಲ. ಶಾಲೆ ತೆರೆಯುವ ಹೊತ್ತಿಗೆ, ಮೇ ಜೂನ್‌ನಲ್ಲಿ, ಎಲ್ಲರಿಗೂ ಒಟ್ಟಿಗೇ ಬೇಕು. ಉಳಿದ ತಿಂಗಳು ಮೆಷಿನ್ ಖಾಲಿ. ಬಟ್ಟೆಗೆ ಮೊದಲೇ ದುಡ್ಡು ಹಾಕಬೇಕು, ಅಳತೆ ತಪ್ಪಿ ಉಳಿದದ್ದನ್ನು ಬೇರೆ ಶಾಲೆಗೆ ಮಾರಲೂ ಆಗದು. ಮಾಡಲೇಬೇಕು ಅಂದರೆ ಬಟ್ಟೆ ಶಾಲೆಯವರೇ ಕೊಡಲಿ, ಹೊಲಿಗೆ ಕೂಲಿ ಮಾತ್ರ ನಿಮ್ಮದು ಅಂತ ಕೇಳಿ ನೋಡಿ. ಅಡ್ವಾನ್ಸ್ ಇಲ್ಲದೆ ಕತ್ತರಿ ಹಾಕಬೇಡಿ.

ಪ್ರಶ್ನೆ: ತುಮಕೂರಿನ ಎಂಜಿನಿಯರಿಂಗ್ ಹುಡುಗ ಸರ್. ದೊಡ್ಡ ಉದ್ಯಮಿಗಳೆಲ್ಲ ಮೊದಲು ಸೋತವರೇ. ಹಾಗಾದರೆ ನಾನೂ ಬೇಗ ಒಂದು ಸಲ ಸೋತುಬಿಡೋದು ಒಳ್ಳೇದಾ?

ಸೋತು ಎದ್ದವರ ಕಥೆ ನಮಗೆ ತಲುಪುತ್ತದೆ. ಸೋತು ಇನ್ನೂ ಬಡ್ಡಿ ಕಟ್ಟುತ್ತಿರುವವರನ್ನು ಯಾರು ವೇದಿಕೆಗೆ ಕರೆಯುತ್ತಾರೆ? ನಾನು ಕೆಲಸದಲ್ಲಿ ಕಂಡವರು ಹೆಚ್ಚಾಗಿ ಅವರೇ.

ಕ್ಯಾಪ್ಟನ್ ಗೋಪಿನಾಥ್ ಕಥೆಯನ್ನೇ ಪೂರ್ತಿ ನೋಡು. ಸೇನೆ ಬಿಟ್ಟು ಬಂದವರು ಹಾಸನ ಜಿಲ್ಲೆಯ ಜಾವಗಲ್ ಹತ್ತಿರ ಜಮೀನು ಮಾಡಿದರು. ಹಸು ಸಾಕಿದರು, ಕೋಳಿ ಸಾಕಿದರು, ರೇಷ್ಮೆ ಬೆಳೆದರು, ಹೋಟೆಲ್ ಇಟ್ಟರು. ಕೆಲವು ಕೈಗೂಡಿದವು, ಕೆಲವು ಇಲ್ಲ. ರೇಷ್ಮೆಯ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಆಮೇಲೆ ಹೆಲಿಕಾಪ್ಟರ್ ಕಂಪನಿ. 2003ರಲ್ಲಿ ಏರ್ ಡೆಕ್ಕನ್. ಜನಸಾಮಾನ್ಯರನ್ನು ವಿಮಾನ ಹತ್ತಿಸಿದ ಆ ಕಂಪನಿಯನ್ನೂ ನಾಲ್ಕೇ ವರ್ಷದಲ್ಲಿ ಕಿಂಗ್‌ಫಿಷರ್‌ನವರ ಕೈಗೆ ಕೊಡಬೇಕಾಯಿತು. ಅದಾದ ಮೇಲೆ ಸರಕು ವಿಮಾನದ ಕಂಪನಿ ತೆಗೆದರು, ಅದು ಹೆಚ್ಚು ದಿನ ನಿಲ್ಲಲಿಲ್ಲ. ಅಂದರೆ ದೊಡ್ಡ ಗೆಲುವು ಆದ ಮೇಲೂ ಸೋಲು ಬಂದಿದೆ. ಮೊದಲು ಒಂದು ಸಲ ಸೋತು ಮುಗಿಸಿಬಿಡುತ್ತೇನೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇನ್ನೊಂದು ವಿಷಯ ಗಮನಿಸು. ಅವರು ರೇಷ್ಮೆಯಿಂದ ಹೆಲಿಕಾಪ್ಟರ್‌ಗೆ ಬರುವ ಮೊದಲು ವರ್ಷಗಟ್ಟಲೆ ಸಣ್ಣ ಸಣ್ಣ ಮೊತ್ತದಲ್ಲೇ ಸೋಲು ಗೆಲುವು ಎರಡೂ ನೋಡಿದ್ದರು.

ಪ್ರಯೋಗ ಮಾಡು, ಬೇಡ ಅನ್ನುವುದಿಲ್ಲ. ನಿನ್ನ ವಯಸ್ಸಿಗೆ ಅದು ಚೆನ್ನ. ಆದರೆ ಅಪ್ಪನ ಸೈಟಿನ ಪತ್ರ ಬ್ಯಾಂಕಿಗೆ ಹೋಗದ ಹಾಗೆ ನೋಡಿಕೋ. ಒಬ್ಬನದೇ ಮಾಲೀಕತ್ವದ ವ್ಯಾಪಾರವಾದರೆ ವ್ಯಾಪಾರದ ಸಾಲ ನಿನ್ನ ಸ್ವಂತ ಸಾಲವೇ, ಮಧ್ಯೆ ಗೋಡೆ ಇಲ್ಲ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದರೆ ಗೋಡೆ ಇರುತ್ತದೆ. ಆದರೆ ಸಾಲ ಕೊಡುವಾಗ ಬ್ಯಾಂಕಿನವರು ವೈಯಕ್ತಿಕ ಜಾಮೀನಿಗೆ ಸಹಿ ಕೇಳುತ್ತಾರೆ. ಆ ಒಂದು ಸಹಿಯಿಂದ ಗೋಡೆ ಬಿದ್ದುಹೋಗುತ್ತದೆ. ಸಣ್ಣ ಉದ್ದಿಮೆಗೆ ಅಡಮಾನ ಇಲ್ಲದೆ ಸಾಲ ಸಿಗಲಿ ಅಂತಲೇ ಸಿಜಿಟಿಎಂಎಸ್‌ಇ ಅನ್ನುವ ಸರಕಾರಿ ಗ್ಯಾರಂಟಿ ಯೋಜನೆ ಇದೆ. ಬ್ಯಾಂಕಿಗೆ ಹೋದಾಗ ಮೊದಲು ಅದನ್ನು ಕೇಳು. ಸಹಿ ಹಾಕುವ ಪ್ರತಿ ಹಾಳೆಯ ತಲೆಬರಹ ಓದು, ಅರ್ಥವಾಗದಿದ್ದರೆ ಒಂದು ಪ್ರತಿ ಮನೆಗೆ ತಂದು ಯಾರಾದರೂ ಆಡಿಟರ್‌ಗೆ ತೋರಿಸು. ಮರುದಿನ ಹೋಗಿ ಸಹಿ ಹಾಕಿದರೂ ಸಾಲ ಎಲ್ಲಿಗೂ ಓಡಿಹೋಗುವುದಿಲ್ಲ.